ಕಂಬಕ್ಕೊರಗಿದ ಮೇಷ್ಟ್ರು

ಸಂಜೆ ಆರು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ರಂಗದ ಎದುರಿಗೆ, ಮೊದಲ ಸಾಲಿನ ಕುರ್ಚಿಗಳ ಪಕ್ಕದಲ್ಲಿ, ಉತ್ಸವದವರು ಒಂದು ದೊಡ್ಡ ಗಡಿಯಾರ ನಿಲ್ಲಿಸಿದ್ದರು. ರಾತ್ರಿಯೆಲ್ಲ ಆಡುವ ನಮ್ಮ ಪೌರಾಣಿಕ ನಾಟಕವನ್ನು ಎರಡೇ ತಾಸಿನೊಳಗೆ ಮುಗಿಸಬೇಕೆಂದು ಕರಾರಾಗಿತ್ತು. ಮಂತ್ರಿ ಪಾರ್ಟಿನ ನಾನು ಆ ಗಡಿಯಾರದ ಮೇಲೊಂದು ಕಣ್ಣಿಟ್ಟುಕೊಂಡು ಸಿಂಹಾಸನದ ಪಕ್ಕ ಕೈಕಟ್ಟಿ ನಿಂತಿದ್ದೆ. ರಾಜನ ಪಾರ್ಟಿನ ಜವರೇಗೌಡ ಆಗಷ್ಟೇ ಒಂದು ಪದ್ಯವನ್ನು ಮೇಲಕ್ಕೇರಿಸಿ, ಎಳೆದು, ಇಳಿಸಿದ್ದ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಆ ಮೈದಾನ ಒಂದೇ ಬಾಯಾಗಿ 'ಒನ್ಸ್ ಮೋರ್' ಎಂದು ಕೂಗಿತು. ಹಾಗೆ ಕೂಗಿದರೆ ಹಾರ್ಮೋನಿಯಂ ಮೇಷ್ಟ್ರು ಅದೇ ಪದ್ಯದ ಎತ್ತುಗಡೆಯನ್ನು ಮತ್ತೆ ಕೊಡಬೇಕು. ನಮ್ಮ ಮೇಷ್ಟ್ರು ಕೊಡಲಿಲ್ಲ. ಅವರು ಮಂಗಳ ಎತ್ತಿದರು.

ಮಂಗಳವೆಂದರೆ ನಾಟಕ ಮುಗಿದ ಮೇಲೆ ಹಾಡುವುದು. ಅದು ಕೇಳಿದ ಕೂಡಲೇ ಕೂತ ಜನ ಎದ್ದು ಕೈಮುಗಿಯುತ್ತಾರೆ, ಚಾಪೆ ಸುತ್ತುತ್ತಾರೆ, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ರಾಜ ಇನ್ನೂ ಯುದ್ಧಕ್ಕೇ ಹೊರಟಿಲ್ಲದಾಗ ಅದನ್ನು ಎತ್ತುವುದೆಂದರೆ, ಬದುಕಿರುವವನನ್ನು ಎದುರಿಗೆ ಕೂರಿಸಿಕೊಂಡು ಅವನದೇ ತಿಥಿಯ ಊಟ ಬಡಿಸಿದ ಹಾಗೆ. ಅದನ್ನು ಬೇರೆ ಯಾರಾದರೂ ಮಾಡಿದ್ದರೆ ತಲೆ ಕೆಟ್ಟಿದೆ ಅನ್ನಬಹುದಿತ್ತು. ಮಾಡಿದವರು ನಮ್ಮ ಮೇಷ್ಟ್ರು. ಮಂಗಳದ ವಿಷಯದಲ್ಲಿ ಅವರಷ್ಟು ಹೆದರುತ್ತಿದ್ದವರನ್ನು ನಾನು ಕಂಡಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಪಾಂಡವಪುರದಲ್ಲಿ, ಒಂದು ಅಕ್ಕಿ ಗಿರಣಿಯ ಹಿಂದಿನ ಗೋದಾಮಿನಲ್ಲಿ. ಆಗ ನಾನು ಅಲ್ಲಿನ ಕಾಲೇಜೊಂದಕ್ಕೆ ಅಧ್ಯಾಪಕನಾಗಿ ಹೊಸದಾಗಿ ಸೇರಿದ್ದೆ. ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಜವರೇಗೌಡ ನನ್ನನ್ನು ನಾಟಕಕ್ಕೆ ಎಳೆದುಕೊಂಡು ಹೋಗಿದ್ದ. ಗೋದಾಮಿನ ನಡುವೆ ಒಂದು ಕಂಬ. ಆ ಕಂಬಕ್ಕೆ ಬೆನ್ನು ಕೊಟ್ಟು, ಮುಂದೆ ಹಾರ್ಮೋನಿಯಂ ಪೆಟ್ಟಿಗೆ ಇಟ್ಟುಕೊಂಡು, ಕಪ್ಪಗೆ ಬಣ್ಣ ಹಾಕಿದ ಮೀಸೆಯ ಒಬ್ಬ ಮನುಷ್ಯ ಬೋಂಡ ತಿನ್ನುತ್ತ ಕೂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನು ಓದಿದ್ದೀಯಪ್ಪ?"

"ಎಂ.ಎ., ಸರ್. ಅರ್ಥಶಾಸ್ತ್ರ."

"ಅಂಗಾದ್ರೆ ಆಡಕ್ಕೆ ಬರಕಿಲ್ಲ ಬುಡು. ಮಂತ್ರಿ ಮಾಡು. ಮಂತ್ರಿಗೆ ಪದ್ಯ ಕಮ್ಮಿ, ನಿಂತ್ಕಳೋದು ಜಾಸ್ತಿ."

ಅಲ್ಲಿಂದ ಮುಂದೆ ಅವರಿಗೆ ನನ್ನ ಹೆಸರು ನೆನಪಿತ್ತೋ ಇಲ್ಲವೋ ಗೊತ್ತಿಲ್ಲ. ನಡುಬೀದಿಯಲ್ಲಿ ಸಿಕ್ಕರೂ, ನನ್ನ ವಿದ್ಯಾರ್ಥಿಗಳ ಎದುರಿಗೇ, "ಏನಯ್ಯಾ ಮಂತ್ರಿ" ಎಂದೇ ಕರೆಯುತ್ತಿದ್ದರು.

ಅವರು ಸಂತೆಬಾಚಹಳ್ಳಿ ಕಡೆಯವರು. ಪೆಟ್ಟಿಗೆಯನ್ನು ಹೆಂಡತಿಯ ಹಳೇ ಸೀರೆಯಲ್ಲಿ ಸುತ್ತಿ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ಎಂದು ಊರೂರು ಸುತ್ತಿ ನಾಟಕ ಕಲಿಸುತ್ತಿದ್ದರು. ಕಬ್ಬು ಕಡಿಯುವವರು, ಟ್ರಾಕ್ಟರು ಓಡಿಸುವವರು, ಸೊಸೈಟಿ ಗುಮಾಸ್ತರು ಎಲ್ಲರೂ ಅವರ ಕೈಯಲ್ಲಿ ಒಂದೊಂದು ರಾತ್ರಿಯ ಮಟ್ಟಿಗೆ ದೇವರೂ ರಾಕ್ಷಸರೂ ಆದವರೇ. ಒಳ್ಳೆಯ ಮಾತಾಡಿ ಗೊತ್ತಿದ್ದ ಮನುಷ್ಯನಲ್ಲ. ಜವರೇಗೌಡ ಶ್ರುತಿ ಬಿಟ್ಟಾಗ ಹಾರ್ಮೋನಿಯಂ ನಿಲ್ಲಿಸಿ, "ಯಾಕ್ಲಾ, ಗಂಟ್ಲಲ್ಲಿ ಕಬ್ಬಿನ ಜಲ್ಲೆ ಸಿಕ್ಕಾಕ್ಕಂಡದಾ? ನಿಮ್ಮ ಡೇರಿ ಎಮ್ಮೆ ತಂದು ನಿಲ್ಸು, ಅದಾದ್ರೂ ಒಂದೇ ಶ್ರುತೀಲಿ ಕೂಗ್ತದೆ" ಅನ್ನುವರು. ಅವನು ಮುಖ ಊದಿಸಿಕೊಂಡು ಹೊರಗೆ ಹೋದರೆ, ಹಿಂದಿನಿಂದ, "ಬಾರ್ಲಾ, ಬಾರ್ಲಾ, ರಾಜ ಕ್ವಾಪ ಮಾಡ್ಕಂಡ್ರೆ ಚೆಂದ್ವಾ" ಎಂದು ತಮ್ಮ ಪಾಲಿನ ಬೋಂಡವನ್ನು ಚಾಚುವರು. ಅದು ಕ್ಷಮೆ. ಅದಕ್ಕಿಂತ ಹೆಚ್ಚಿನ ಕ್ಷಮೆ ಅವರಿಂದ ಯಾರಿಗೂ ಸಿಕ್ಕಿದ್ದಿಲ್ಲ.

ಕಂಬದ ವಿಷಯ ಹೇಳಿದೆನಲ್ಲ. ಮಾಕವಳ್ಳಿ ರಸ್ತೆಯಲ್ಲಿ, ಹರೆಯದಲ್ಲಿ, ಕಬ್ಬಿನ ಗಾಡಿಯಿಂದ ಬಿದ್ದು ಅವರ ಬೆನ್ನು ಹಾಳಾಗಿತ್ತು. ಒರಗಿಕೊಳ್ಳದೆ ಕೂರಲು ಆಗುತ್ತಿರಲಿಲ್ಲ. ಎಲ್ಲೇ ನಾಟಕವಿರಲಿ, ಸ್ಟೇಜು ಹತ್ತಿದವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಸುತ್ತ ನೋಡಿ, "ನಂಗೊಂದು ಕಂಬ ಕೊಡ್ರಪ್ಪಾ" ಎಂದು ಕೇಳುವುದು. ಬಿಗಿಯಾದ ಕಂಬ ಹುಡುಕಿ, ಕೈಯಲ್ಲಿ ಎರಡು ಸಲ ಅಲ್ಲಾಡಿಸಿ, ಅದಕ್ಕೆ ಬೆನ್ನು ಹಚ್ಚಿ ಕೂತ ಮೇಲೆಯೇ ಪೆಟ್ಟಿಗೆ ಬಿಚ್ಚುವುದು. ಒಮ್ಮೆ ನಾನು ಹಿಂದಿನ ಪರದೆಯ ಬಳಿ ತಪ್ಪು ಹೆಜ್ಜೆ ಇಟ್ಟಿದ್ದನ್ನು, ಆ ಕಡೆಗೆ ತಿರುಗದೆಯೇ ಹಿಡಿದು ಬೈದಿದ್ದರು. ಹೇಗೆ ಗೊತ್ತಾಯಿತೆಂದು ಕೇಳಿದೆ.

"ಬೆನ್ನು ನಂಗೆ ಏಳ್ತದೆ ಕಣಯ್ಯಾ. ಅಟ್ಟದ ಮ್ಯಾಲೆ ಯಾರು ಎಂಗೆ ಕಾಲು ಮಡಗುದ್ರು ಅಂತ ಕಂಬದಲ್ಲಿ ಅಂಗೇ ಬತ್ತದೆ."

ನಾವೆಲ್ಲ ನಕ್ಕೆವು. ಅವರೂ ನಕ್ಕರು. ಅವರು ಹೇಳುವ ಕಥೆಗಳಲ್ಲಿ ಅರ್ಧ ಸುಳ್ಳಿರುತ್ತಿತ್ತು, ಅದು ಅವರಿಗೂ ಗೊತ್ತಿತ್ತು.

ಮಂಗಳದ ವಿಷಯದಲ್ಲಿ ಮಾತ್ರ ನಗು ಇರಲಿಲ್ಲ. ನಮ್ಮ ನಾಟಕಗಳ ಮಂಗಳವನ್ನು ಅವರೇ ಕಟ್ಟಿದ್ದರು. ಅದಕ್ಕೆ ಮೂರೇ ಸಾಲು. ಮೊದಲನೆಯದು 'ನೋಡಿದವರಿಗೆ ಮಂಗಳ'. ಅದು ಜನರದ್ದು. ಎರಡನೆಯದು 'ಆಡಿದವರಿಗೆ ಮಂಗಳ'. ಅದು ನಮ್ಮದು, ಆ ಸಾಲು ಬಂದಾಗ ನಾವು ಬಗ್ಗಿ ನಮಸ್ಕರಿಸಿ ಬಣ್ಣದ ಮನೆಗೆ ಹೋಗಬೇಕು. ಮೂರನೆಯ ಸಾಲು ಹಾಡುವ ಹೊತ್ತಿಗೆ ಬೆಳಗಿನ ಜಾವವಾಗಿರುತ್ತಿತ್ತು. ಜನ ಹೋಗಿರುತ್ತಿದ್ದರು, ನಾವು ಕಿರೀಟ ಕಳಚಿ, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಟೀ ಎಲ್ಲಿ ಎಂದು ಕೂಗಾಡುತ್ತಿದ್ದೆವು. ಮೇಷ್ಟ್ರು ಒಬ್ಬರೇ ಹೊರಗೆ ಏನೋ ಹಾಡಿ ಪೆಟ್ಟಿಗೆ ಮುಚ್ಚುತ್ತಿದ್ದರು. ಅಭ್ಯಾಸದಲ್ಲಂತೂ ಮಂಗಳಕ್ಕೆ ಜಾಗವೇ ಇಲ್ಲ. ಬಣ್ಣದ ಮನೆಯಲ್ಲಿ ಹೊಸಬನೊಬ್ಬ ನಾಟಕ ಶುರುವಾಗುವ ಮುಂಚೆ ಅದನ್ನು ಗುನುಗಿದ. ಮೇಷ್ಟ್ರು ಎಲೆಯಡಿಕೆ ಡಬ್ಬಿ ಎತ್ತಿ ಅವನ ಎದೆಗೆ ಎಸೆದರು.

ನಾನು ಕಾಲೇಜಿನ ಬುದ್ಧಿ ತೋರಿಸಲು ಹೋದೆ. ಹಾಡಿದರೆ ಏನಾಗುತ್ತದೆ ಮೇಷ್ಟ್ರೇ ಎಂದೆ.

"ನಮ್ ಗುರುಗಳು ಎತ್ತಿದ್ರು. ಊರಲ್ಲಿ ಎಲ್ಡು ಪಾರ್ಟಿ ಆಗಿ ಒಡದಾಟ ಬಿತ್ತು. ಜಗಳ ನಿಲ್ಲಲಿ ಅಂತ ನಡುವ್ಲೇ ಮಂಗಳ ಎತ್ತುದ್ರು. ಜಗಳ ನಿಂತೋಯ್ತು. ಅವರು ಮುಂದಿನ ಯುಗಾದಿ ನೋಡ್ನಿಲ್ಲ. ನಡುವೆ ಮಂಗಳ ಎತ್ತುದ್ರೆ ಪೆಟ್ಗೆ ಮ್ಯಾಲೆ ಕೈ ಮಡಗಿದೋನ್ನೇ ತಕ್ಕಂಡು ಓಯ್ತದೆ. ನಗ್ತೀಯಾ? ನಗು, ನಗು. ನೀನು ಓದಿರೋನು."

ಇನ್ನೊಂದು ಮಾತು ಅವರು ನಾಗಮಂಗಲ ಕಡೆಯ ಒಂದು ಹಳ್ಳಿಯಿಂದ ವಾಪಸು ಬರುವಾಗ ಹೇಳಿದ್ದು. ಆ ಊರಿನಲ್ಲಿ ನಾಟಕ ನಡೆಯುತ್ತಿದ್ದಾಗ ಯಾರೋ 'ಹಾವು, ಓಡ್ರೋ' ಎಂದು ಕೂಗಿದ್ದರು. ಜನ ಎದ್ದು ನುಗ್ಗಿದ ರಭಸಕ್ಕೆ ಒಬ್ಬ ಮುದುಕಿ ಕೆಳಗೆ ಬಿದ್ದು ಸೊಂಟ ಮುರಿದುಕೊಂಡಳು. ಹಾವು ಇರಲೇ ಇಲ್ಲ, ಯಾರದೋ ಸೊಂಟದ ಬೆಲ್ಟು. ಟೆಂಪೋದಲ್ಲಿ ನಾವು ಅದನ್ನೇ ಆಡಿಕೊಂಡು ನಗುತ್ತಿದ್ದೆವು. ಮೇಷ್ಟ್ರು ಕಿಟಕಿ ಕಡೆ ನೋಡುತ್ತಿದ್ದವರು ತಿರುಗಿ ಹೇಳಿದರು: "ಜನಕ್ಕೆ ಓಡಿ ಅನ್ನಬಾರ್ದು ಕಣ್ರಲಾ. ಮನೆಗೋಗಿ ಅನ್ನಬೇಕು. ಓಡಿ ಅಂದ್ರೆ ಪಕ್ಕದೋನ್ನ ತುಳೀತಾರೆ. ಮನೆಗೋಗಿ ಅಂದ್ರೆ ಮಗೀನ ಎತ್ಕತಾರೆ."

ಈಗ ಉತ್ಸವಕ್ಕೆ ಬರುತ್ತೇನೆ. ಪ್ರತಿ ಬೇಸಿಗೆ ಶ್ರೀರಂಗಪಟ್ಟಣದಲ್ಲಿ ಒಂದು ಸಭಾದವರು ನಡೆಸುವ ಸಂಗೀತ, ನಾಟಕಗಳ ಉತ್ಸವ ಅದು. ಅಲ್ಲಿಗೆ ಹಾಡಲು ದೊಡ್ಡ ವಿದ್ವಾಂಸರು ಬರುತ್ತಾರೆ, ಊರುಗಳಿಂದ ರಸಿಕರು ಬಂದು ಲಾಡ್ಜು ಹಿಡಿದು ಉಳಿಯುತ್ತಾರೆ. ನಮ್ಮಂಥ ಹಳ್ಳಿ ನಾಟಕದವರನ್ನು ಕರೆದಿದ್ದು ಅದೇ ಮೊದಲು. ಮೇಷ್ಟ್ರಿಗೆ ಅದು ಎಷ್ಟು ಮುಖ್ಯವಾಗಿತ್ತು ಎಂಬುದು ಅವರ ಬೈಗುಳ ಹೆಚ್ಚಾದುದರಿಂದಲೇ ತಿಳಿಯಿತು. ಎರಡು ತಾಸಿನ ಅಳತೆಗೆ ನಾಟಕ ಕತ್ತರಿಸಲು ಒಪ್ಪಿದರು. ಆದರೆ ಸಭಾದ ಕಾರ್ಯದರ್ಶಿ, "ಕೊನೆಯಲ್ಲಿ ನಿಮ್ಮ ಮಂಗಳ ಬೇಡ, ಸಮಯ ಸಾಲದು, ನಾವೇ ವಂದನಾರ್ಪಣೆ ಮಾಡಿ ಮುಗಿಸುತ್ತೇವೆ" ಎಂದಾಗ ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಟ್ಟರು. ಕಾರ್ಯದರ್ಶಿಯೇ ಹಿಂದೆ ಓಡಿಬಂದು ಒಪ್ಪಿಕೊಳ್ಳಬೇಕಾಯಿತು. "ಮಂಗಳ ಇಲ್ದೆ ಬುಟ್ರೆ ನಾಟ್ಕ ಮುಗಿಯಕಿಲ್ಲ ಸ್ವಾಮಿ. ಮುಗೀದಿರೋ ನಾಟ್ಕ ಆಡಿದೋರ ಮನೆಗೆ ಬತ್ತದೆ" ಎಂದು ಅವರಿಗೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

ಆ ದಿನ ಮನೆಯಿಂದ ಕರೆತರಲು ಜವರೇಗೌಡನ ಕಾರಿನಲ್ಲಿ ಹೋಗಿದ್ದೆವು. ರೇಷ್ಮೆ ಜುಬ್ಬ, ಮೀಸೆಗೆ ಹೊಸ ಬಣ್ಣ. ಅವರ ಹೆಂಡತಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ, "ಮದುವೆ ದಿನ್ವೂ ಇಷ್ಟು ಸಿಂಗಾರ ಮಾಡ್ಕಂಡಿರ್ನಿಲ್ಲ ಇವ್ರು" ಅಂದರು. ಮಂಡಿನೋವು, ಈಗ ಎಲ್ಲಿಗೂ ಬರುವುದಿಲ್ಲವಂತೆ. ಮೊದಲೆಲ್ಲ ಗಂಡನ ನಾಟಕ ಒಂದನ್ನೂ ಬಿಡುತ್ತಿರಲಿಲ್ಲ ಎಂದು ಜವರೇಗೌಡ ದಾರಿಯಲ್ಲಿ ಹೇಳಿದ.

ಮೈದಾನಕ್ಕೆ ಹೋಗಲು ಇದ್ದದ್ದು ಹಳೇ ಗೋಡೆಯ ನಡುವಿನ ಒಂದು ಬಾಗಿಲು. ಒಂದು ಎತ್ತಿನ ಗಾಡಿ ಹೋಗುವಷ್ಟು ಅಗಲ. ಆಚೆ ಕಡೆಯ ದಾರಿಯನ್ನು ಕಾರುಗಳು ನುಗ್ಗದಿರಲೆಂದು ತಗಡು ಬಡಿದು ಮುಚ್ಚಿದ್ದರು. ಮೇಷ್ಟ್ರು ಒಳಗೆ ಬರುತ್ತಲೇ, "ಇದೇನ್ಲಾ, ಇಲಿ ಬೋನು ಇದ್ದಂಗದೆ" ಅಂದರು. ನಂತರ ತಮ್ಮ ಕಂಬ ಹುಡುಕಿದರು. ಅಷ್ಟು ದೊಡ್ಡ ಪೆಂಡಾಲಿನಲ್ಲಿ ಸ್ಟೇಜಿನ ಬದಿಗೆ ಬರುತ್ತಿದ್ದದ್ದು ಒಂದೇ ದಪ್ಪ ಕಬ್ಬಿಣದ ಕಂಬ. ದೀಪಗಳನ್ನು ನೇತುಹಾಕಿದ್ದ ಅಡ್ಡ ಚೌಕಟ್ಟು, ಮೇಲಿನ ಟಾರ್ಪಾಲು ಎಲ್ಲ ಅದರ ಮೇಲೇ ನಿಂತಿತ್ತು. ಮೇಷ್ಟ್ರು ಎರಡು ಸಲ ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಸರಿ ಎಂದು ಕೂತರು. ಅದನ್ನು ಎಳೆದು ಹಿಡಿದಿದ್ದ ಹಗ್ಗದ ಗೂಟ ಆ ಕಲ್ಲುಮಣ್ಣಿನಲ್ಲಿ ಒಂದು ಮೊಳವೂ ಇಳಿದಿರಲಿಲ್ಲ ಎಂಬುದು ಮರುದಿನ ಗೊತ್ತಾಯಿತು.

ನಮಗಿಂತ ಮೊದಲು ವಿದ್ವಾಂಸರೊಬ್ಬರ ಗಾಯನವಿತ್ತು. ಹಾಡಿ ಇಳಿದ ಅವರು ಸ್ಟೇಜಿನ ಹಿಂದೆ ನಮ್ಮನ್ನು ಕಂಡು ಮರ್ಯಾದೆಯಿಂದಲೇ, "ನಿಮ್ಮದು ಯಾವ ಶ್ರುತಿ?" ಎಂದು ಕೇಳಿದರು. ಮೇಷ್ಟ್ರು ಜವರೇಗೌಡನತ್ತ ಕೈ ತೋರಿಸಿ, "ಇವನು ಯಾವ್ದರಲ್ಲಿ ಅರಚ್ತಾನೋ ಅದೇ ಸ್ವಾಮಿ" ಅಂದರು. ವಿದ್ವಾಂಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಕೊನೆಗೆ ಹಾಡಿದ್ದೂ ಮಂಗಳವೇ. ಆಗ ಕುರ್ಚಿಯ ರಸಿಕರೆಲ್ಲ ಎದ್ದು ನಿಂತಿದ್ದನ್ನು ಮೇಷ್ಟ್ರು ಪರದೆಯ ಸಂದಿಯಿಂದ ನೋಡಿದ್ದರು. "ನೋಡ್ದಾ ಮಂತ್ರಿ, ಶಾಲು ಒದ್ದೋರೂ ಎದ್ದೇಳ್ತಾರೆ" ಅಂದರು. ಅವರಿಗೆ ಖುಷಿಯಾಗಿತ್ತು. ಆ ಮುಖವನ್ನು ನಾನು ಬಹಳ ಸಲ ನೆನಪಿಸಿಕೊಳ್ಳಲು ಪ್ರಯತ್ನಿಸಿದ್ದೇನೆ. ಬರುವುದು ಇನ್ನೊಂದು ಮುಖ.

ಆರು ನಲವತ್ತು. ಕುಂತಿಬೆಟ್ಟದ ಕಡೆ ಮೋಡ ಕಪ್ಪಾಗಿತ್ತು, ಆದರೆ ಬೇಸಿಗೆಯಲ್ಲಿ ಅದು ದಿನಾ ಆಗುತ್ತದೆ. ಒಂದು ಗಾಳಿ ಬಂತು. ಸೆಕೆಯಲ್ಲಿ ಬೆಂದಿದ್ದ ಜನ 'ಹಾ' ಎಂದರು. ಟಾರ್ಪಾಲು ಒಮ್ಮೆ ಉಬ್ಬಿ ಇಳಿಯಿತು. ಜವರೇಗೌಡ ಪದ್ಯ ಮುಗಿಸಿದ. 'ಒನ್ಸ್ ಮೋರ್.' ನಾನು ಗಡಿಯಾರ ನೋಡಿದೆ. ಗಡಿಯಾರದಿಂದ ಮೇಷ್ಟ್ರ ಕಡೆ ತಿರುಗಿದೆ. ಅವರು ಬೆನ್ನನ್ನು ಕಂಬದಿಂದ ಎತ್ತಿದ್ದರು. ಇಷ್ಟು ವರ್ಷಗಳಲ್ಲಿ ನಾಟಕದ ನಡುವೆ ಅವರ ಬೆನ್ನು ಕಂಬ ಬಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಅರ್ಧ ತಿರುಗಿ, ಜ್ವರ ನೋಡುವವರ ಹಾಗೆ ಅಂಗೈಯನ್ನು ಕಂಬಕ್ಕೆ ಇಟ್ಟರು. ಮೇಲೆ ನೋಡಿದರು. ಬಾಗಿಲ ಕಡೆ ನೋಡಿದರು. ಪಕ್ಕದ ತಬಲದವನಿಗೆ ಏನೋ ಹೇಳಿದರು. ಅವನು ತಬಲ ಬಿಟ್ಟು ಎದ್ದ. ಮತ್ತೆ ಬೆನ್ನನ್ನು ಕಂಬಕ್ಕೇ ಒತ್ತಿ ಕೂತು, ಪೆಟ್ಟಿಗೆಯ ಮೇಲೆ ಕೈ ಇಟ್ಟರು.

'ನೋಡಿದವರಿಗೆ ಮಂಗಳ.'

ಜವರೇಗೌಡ ಗದೆ ಇಳಿಸಿ, ಮೈಕಿಗೆ ಕೈ ಅಡ್ಡ ಹಿಡಿದು, "ಮೇಷ್ಟ್ರೇ! ತಲೆ ಕೆಟ್ಟೋಯ್ತಾ ನಿಮಗೆ? ಒನ್ಸ್ ಮೋರ್ ಬಿದ್ದದೆ!" ಅಂದ. ಮೇಷ್ಟ್ರು ಅವನನ್ನು ನೋಡಲಿಲ್ಲ.

ಜನರಲ್ಲಿ ಗೊಣಗಾಟ ಎದ್ದಿತು. ಮುಂದೆ ಚಾಪೆಯ ಮೇಲಿದ್ದ ಒಬ್ಬ ಹೆಂಗಸು, "ಅಯ್ಯೋ, ಇಷ್ಟು ಬಿರನೆ ಮುಗ್ದೋಯ್ತಾ?" ಎಂದಿದ್ದು ನನಗೆ ಕೇಳಿಸಿತು. ಹಾಗೆ ಹೇಳುತ್ತಲೇ ಆಕೆ ಎದ್ದಿದ್ದಳು, ಕೈ ಮುಗಿದಿದ್ದಳು. ಮಂಗಳ ಕೇಳಿದ ಮೇಲೆ ಕೂತಿರಲು ನಮ್ಮ ಕಡೆ ಯಾರಿಗೂ ಬರುವುದಿಲ್ಲ. ಚಾಪೆಯವರು ಎದ್ದರು, ಅವರನ್ನು ನೋಡಿ ಕುರ್ಚಿಯವರು ಎದ್ದರು. ಸಮಯ ಮುಗಿಯಿತೆಂದು ಸಭಾದವರೇ ನಿಲ್ಲಿಸಿರಬೇಕೆಂದು ಕೆಲವರು ಬೈದುಕೊಂಡರು. ಬೈದುಕೊಂಡೇ ಚಪ್ಪಲಿ ಹುಡುಕಿದರು. ಸಾಲಾಗಿ, ನಿಧಾನವಾಗಿ, ಆ ಇಲಿ ಬೋನಿನ ಬಾಗಿಲಿನ ಕಡೆ ನಡೆದರು.

ಆಗ ಎರಡನೆಯ ಗಾಳಿ ಬಂತು. ಕರೆಂಟು ಹೋಯಿತು. ಮೈಕು ಸತ್ತಿತು. ಆ ಕ್ಷಣಕ್ಕೆ ಜನ ನಿಂತು ಹಿಂದಕ್ಕೆ ತಿರುಗಿದರು, ಗುಂಪಿನ ಮೇಲೆ ಒಂದು ಅಲೆ ಹಾದುಹೋದ ಹಾಗಾಯಿತು. ಮೇಷ್ಟ್ರು ಸ್ವರವನ್ನು ಏರಿಸಿದರು. ಅವರ ಗಂಟಲು ಎಂದೋ ಒಡೆದು ಹೋಗಿತ್ತು; ನಮಗೆ ಬೈದು ಬೈದೇ ಒಡೆದಿದ್ದು. ಆ ಒಡಕು ಗಂಟಲಲ್ಲಿ ಮತ್ತೆ ಅದೇ ಸಾಲು, ಮತ್ತೆ ಅದೇ ಸಾಲು, ಆತುರವಿಲ್ಲದೆ, ಬೆಳಗಿನ ಜಾವ ಹಾಡುತ್ತಿದ್ದ ಲಯದಲ್ಲೇ. ಜನ ಮತ್ತೆ ನಡೆದರು. ಒಬ್ಬ ಅಜ್ಜ ಬಾಗಿಲ ಬಳಿ ನಿಂತು ಸ್ಟೇಜಿಗೆ ಕೈಮುಗಿದು ಹೋದ.

ನನಗೆ ಅರ್ಥವಾಗಿದ್ದು ಕಂಬ ಕಿರ್ರೆಂದಾಗ. ಜವರೇಗೌಡನಿಗೂ ಆಗಲೇ. ಅವನು ಬಾಯಿ ತೆರೆದ. ಓಡಿ ಎಂದು ಕೂಗುತ್ತಿದ್ದನೋ ಏನೋ. ಮೇಷ್ಟ್ರು ಅವನ ಕಡೆ ಕಣ್ಣು ಬಿಟ್ಟರು. ಅಭ್ಯಾಸದಲ್ಲಿ ಶ್ರುತಿ ಬಿಟ್ಟಾಗ ಬಿಡುತ್ತಿದ್ದ ಅದೇ ಕಣ್ಣು. ರಾಜ ಬಾಯಿ ಮುಚ್ಚಿದ.

ಬಾಗಿಲ ಬಳಿ ಕೊನೆಯ ಗುಂಪು ಇದ್ದಾಗ ಮೇಷ್ಟ್ರು ಸಾಲು ಬದಲಾಯಿಸಿದರು. 'ಆಡಿದವರಿಗೆ ಮಂಗಳ.' ನಮ್ಮನ್ನು ನೋಡಿ, ಗದ್ದ ಎತ್ತಿ, ಹೋಗಿ ಎಂದರು. ನಾವು ಬಗ್ಗಿ ನಮಸ್ಕಾರ ಮಾಡಿದೆವು. ಅದನ್ನು ಹೇಗೆ ಮಾಡಿದೆವೋ ನನಗೆ ಇವತ್ತಿಗೂ ತಿಳಿಯದು. ಆ ಸಾಲಿಗೆ ಬೆನ್ನು ತಾನಾಗಿ ಬಗ್ಗುತ್ತದೆ. ಜವರೇಗೌಡ ಮೇಷ್ಟ್ರ ಕಡೆ ಹೋಗಿ ತೋಳು ಹಿಡಿದು ಎಳೆದ. "ಬನ್ನಿ ಮೇಷ್ಟ್ರೇ, ಬನ್ನಿ, ನಿಮ್ಮ ಕಾಲ್ ಕಟ್ಕತೀನಿ." ಅವರು ಭುಜ ಒದರಿ ಬಿಡಿಸಿಕೊಂಡು, ಹಾಡಿನ ಉಸಿರಿನ ನಡುವೆ, "ಜನ ಇನ್ನೂ ಬಾಗ್ಲಲ್ಲವ್ರೆ ಕಣ್ಲಾ, ನಡಿಯಲಾ" ಅಂದರು. ಅವರು ನಮಗೆ ಹೇಳಿದ ಕೊನೆಯ ಮಾತು ಅದು.

ನಾವು ಮೆಟ್ಟಿಲಿಳಿದು ಗೋಡೆಯ ಬುಡಕ್ಕೆ ಬಂದೆವು. ಹಿಂದೆ ತಿರುಗಿದೆವು. ಮೈದಾನ ಖಾಲಿಯಾಗಿತ್ತು. ಚಾಪೆಗಳು, ಉರುಳಿದ ಕುರ್ಚಿಗಳು, ಒಂದು ಮಗುವಿನ ಚಪ್ಪಲಿ. ಮೇಷ್ಟ್ರು ನಮ್ಮನ್ನು ನೋಡಿ ಒಂದು ಉಸಿರು ಎಳೆದುಕೊಂಡರು, ಮುಂದಿನ ಸಾಲಿಗೆ. ಅಷ್ಟರಲ್ಲಿ ಮೂರನೆಯ ಗಾಳಿ ಬಂತು.

ಬಿದ್ದದ್ದನ್ನು ನಾನು ವರ್ಣಿಸುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು, ಏಕೆಂದರೆ ನನ್ನನ್ನು ಮಲಗಗೊಡದೆ ಇದ್ದದ್ದು ಅದೇ. ಕಬ್ಬಿಣವೆಲ್ಲ ಕೆಳಗೆ ಬಿದ್ದು ಸದ್ದು ಅಡಗಿದ ಮೇಲೆ, ಟಾರ್ಪಾಲಿನ ಅಡಿಯಿಂದ ಹಾರ್ಮೋನಿಯಂ ಸ್ವರ ಬಂತು. ಬದುಕಿದ್ದಾರೆ ಎಂದು ನಾವು ಓಡಿದೆವು. ಬದುಕಿರಲಿಲ್ಲ. ಅವರ ಮೈ ಪೆಟ್ಟಿಗೆಯ ಮೇಲೆ ಬಿದ್ದು, ಅದರ ಸ್ವರದ ಮನೆಗಳೆಲ್ಲ ಒತ್ತಿಹೋಗಿ, ಒಳಗಿದ್ದ ಗಾಳಿ ತೀರುವವರೆಗೆ ಪೆಟ್ಟಿಗೆ ತಾನೇ ಕೂಗುತ್ತಿತ್ತು.

ಮರುದಿನದ ಪತ್ರಿಕೆಯಲ್ಲಿ, ಅದೃಷ್ಟವಶಾತ್ ಕಾರ್ಯಕ್ರಮ ಮುಗಿದು ಜನ ಹೊರಟಿದ್ದರಿಂದ ಭಾರಿ ಅನಾಹುತ ತಪ್ಪಿತು ಎಂದು ಬಂದಿತ್ತು. ಅದೃಷ್ಟವಶಾತ್ ಎಂಬ ಆ ಪದವನ್ನು ನಾನು ಈಗ ತರಗತಿಯಲ್ಲಿ ಬಳಸುವುದಿಲ್ಲ. ಊರುಗಳಲ್ಲಿ ಹಬ್ಬಿದ ಮಾತು ಇದಕ್ಕಿಂತ ಕೆಟ್ಟದ್ದು. ನಡುವೆ ಮಂಗಳ ಎತ್ತಿದ್ದಕ್ಕೇ ಪೆಂಡಾಲು ಬಿತ್ತು ಎಂದರು. ಮುದುಕನಿಗೆ ಅರಳುಮರಳಾಗಿತ್ತು, ಅಪಶಕುನ ಮಾಡಿಕೊಂಡ, ಅನುಭವಿಸಿದ ಎಂದರು. ಸಂತೆಯಲ್ಲಿ ಎಂದರು, ಸಲೂನಿನಲ್ಲಿ ಎಂದರು. ಮೇಷ್ಟ್ರು ಕಲಿಸಿದ ಬೇರೆ ಊರಿನ ತಂಡವೊಂದು, ಅವರ ಮಂಗಳ ನಮಗೆ ಬೇಡ ಎಂದು ಹೊಸಬರಿಂದ ಬೇರೆ ಬರೆಸಿಕೊಂಡಿತು. ಅವರು ನಂಬಿದ್ದ ಮಾತನ್ನೇ ಹಿಡಿದು ಜನ ಅವರನ್ನು ಹೊಡೆಯುತ್ತಿದ್ದರು. ಕಂಬ ಮೊದಲು, ಮಂಗಳ ಆಮೇಲೆ ಎಂದು ಸಿಕ್ಕವರಿಗೆಲ್ಲ ಹೇಳಿದೆ. "ನಿಮಗೆಂಗೆ ಗೊತ್ತು ಸಾರ್, ಪಾರ್ಟು ಮಾಡ್ತಾ ಇದ್ರಲ್ಲ?" ಎಂದು ಕೇಳಿದರು.

ನನಗೇ ಅನುಮಾನ ಬರತೊಡಗಿತು. ಫ್ಯಾನು ಕಿರ್ರೆಂದರೆ ಎದ್ದು ಕೂರುತ್ತಿದ್ದೆ. ಕೂತು ಮತ್ತೆ ಮೊದಲಿಂದ ನೋಡುತ್ತಿದ್ದೆ: ಗಡಿಯಾರ, ಮೇಷ್ಟ್ರು, ಬೆನ್ನು, ಅಂಗೈ, ಪೆಟ್ಟಿಗೆ. ಕೆಲವು ಸಲ ಪೆಟ್ಟಿಗೆ ಮೊದಲು ಬರುತ್ತಿತ್ತು, ಅಂಗೈ ಆಮೇಲೆ. ಹೆಂಡತಿ ಫ್ಯಾನು ಬದಲಾಯಿಸಿದಳು. ಡಾಕ್ಟರು ಗುಳಿಗೆ ಕೊಟ್ಟರು. ಕಣ್ಣು ಮುಚ್ಚಿದರೆ ಆ ಪೆಟ್ಟಿಗೆ ಕೂಗು. ಮುಗಿಯದ ನಾಟಕ ಆಡಿದವರ ಮನೆಗೆ ಬರುತ್ತದೆ ಎಂದಿದ್ದರಲ್ಲ.

ಮಳೆಗಾಲ ಕಳೆದ ಮೇಲೆ ಮೇಷ್ಟ್ರ ಹೆಂಡತಿ ಹೇಳಿ ಕಳಿಸಿದರು. ಒಂದು ಭಾನುವಾರ ಮಧ್ಯಾಹ್ನ ನಾನೂ ಜವರೇಗೌಡನೂ ಹೋದೆವು. ಅದೇ ಜಗಲಿ. ಪೆಟ್ಟಿಗೆಯನ್ನು ಅದೇ ಸೀರೆಯಲ್ಲಿ ಸುತ್ತಿ ಮೂಲೆಯಲ್ಲಿ ಇಟ್ಟಿದ್ದರು. ಒಡೆದ ಪೆಟ್ಟಿಗೆ ಸೀರೆಯೊಳಗೆ ಬೇರೆ ಯಾವುದೋ ಆಕಾರದಲ್ಲಿ ಕಾಣುತ್ತಿತ್ತು. ಆಕೆ ಕಾಫಿ ಕೊಟ್ಟು, ನಾವು ಕುಡಿದು ಲೋಟ ಇಟ್ಟ ಮೇಲೆ ಮಾತು ತೆಗೆದರು.

"ನಲ್ಲಿ ತಾವ ಎಂಗುಸ್ರು ಮಾತಾಡ್ಕತಾವ್ರೆ ಕಣಪ್ಪ. ನಿನ್ ಗಂಡನೇ ಮಂಗಳ ಆಡಿ ಕಂಬ ಬೀಳುಸ್ದ ಅಂತಾವ್ರೆ. ನಾನೂ ಆ ಮಾತು ನಂಬ್ಕಂಡು ಬಂದೋಳೆಯ. ನೀನು ಅಲ್ಲೇ ನಿಂತಿದ್ದೆ. ನಿಜ ಏಳು. ಕಂಬ ಮೊದ್ಲಾ, ಮಂಗಳ ಮೊದ್ಲಾ?"

ಜವರೇಗೌಡ ನನ್ನ ಕಡೆ ನೋಡಿದ. ಅವನು ಆಗ ಜನರ ಕಡೆ ಮುಖ ಮಾಡಿ ನಿಂತಿದ್ದ, ಬಾಡಿಗೆಗೆ ಬಂದಿದ್ದ ತಬಲದವನು ಆಮೇಲೆ ಕೈಗೆ ಸಿಕ್ಕಿರಲಿಲ್ಲ, ನೋಡಿದ್ದವನು ನಾನೊಬ್ಬನೇ. ನಾನು ಗಡಿಯಾರದಿಂದ ಶುರುಮಾಡಿದೆ. ಗಾಳಿ, ಜನ 'ಹಾ' ಎಂದದ್ದು, ಒನ್ಸ್ ಮೋರ್. ಬೆನ್ನು ಎತ್ತಿದ್ದು. ಅಂಗೈ ಇಟ್ಟಿದ್ದು. ತಬಲದವನನ್ನು ಎಬ್ಬಿಸಿದ್ದು. ಅದನ್ನು ಹೇಳುವಾಗ ನನಗೇ ಥಟ್ಟನೆ ಹೊಳೆಯಿತು. ಎಬ್ಬಿಸಿದ್ದು ಮಂಗಳಕ್ಕೆ ಮೊದಲು. ಮಂಗಳ ಎತ್ತಿದಾಗ ತಬಲ ಇರಲಿಲ್ಲ; ಮೊದಲ ಸಾಲಿನಿಂದಲೇ ಬರೀ ಪೆಟ್ಟಿಗೆ. ಬೀಳುವುದು ಗೊತ್ತಿಲ್ಲದವರು ತಬಲದವನನ್ನು ಯಾಕೆ ಕಳಿಸುತ್ತಾರೆ?

"ಕಂಬ ಮೊದಲು, ಅಮ್ಮಾ," ಎಂದೆ. "ಗೊತ್ತಾದ ಮೇಲೆಯೇ ಹಾಡಿದರು."

"ತನಗೇನಾಯ್ತದೆ ಅಂತ್ಲೂ ಗೊತ್ತಿತ್ತು ಅನ್ನು."

"ಗೊತ್ತಿತ್ತು."

ಆಕೆ ಅಂಗಳದ ಕಡೆ ತಿರುಗಿದರು. ಬಿಸಿಲಿನಲ್ಲಿ ಒಂದು ಕೋಳಿ ಮಣ್ಣು ಕೆದಕುತ್ತಿತ್ತು.

"ಅವ್ರು ಕೊನೆ ಸಾಲು ಏಳುದ್ರಾ?"

"ಇಲ್ಲ. ಉಸಿರು ಎಳ್ಕೊಂಡ್ರು, ಅಷ್ಟೇ."

"ನೀವಾದ್ರೂ ಆ ಸಾಲು ಏಳ್ರಪ್ಪ. ಇಲ್ಲೇ. ಮುಗುದೋಗ್ಲಿ."

ಇಷ್ಟು ವರ್ಷ ಅವರ ಜೊತೆ ಆಡಿದ ರಾಜನಿಗೂ ಮಂತ್ರಿಗೂ ಆ ಸಾಲು ಗೊತ್ತಿರಲಿಲ್ಲ. ಅದು ಬರುವ ಹೊತ್ತಿಗೆ ನಾವು ಟೀ ಹುಡುಕುತ್ತಿದ್ದೆವು. ಜವರೇಗೌಡ ಮೆಲ್ಲನೆ, "ನಮಗೆ ಬರಕಿಲ್ಲ ಕಣವ್ವಾ" ಅಂದ.

ಆಕೆ ಬೈಯಲಿಲ್ಲ. "ನಿಮಗೆಲ್ಲಿ ಬತ್ತದೆ, ನೀವೆಲ್ಲಾ ಒಂಟೋಗಿರ್ತಿದ್ರಿ," ಅಂದರು. "ಬಯಲಲ್ಲಿ ಕೂತಿರ್ತಿದ್ದೋಳು ನಾನೊಬ್ಳೇ. ಇವ್ರು ಪೆಟ್ಗೆ ಕಟ್ಲಿ, ಜೊತೇಲಿ ಮನೆಗೋಗನ ಅಂತ."

ಮಂಡಿಯ ಮೇಲೆ ಕೈಯೂರಿ ಎದ್ದರು. ಜಗಲಿಯ ಕಂಬ ಹಿಡಿದು ನಿಂತು, ಅಂಗಳದ ಕಡೆ ಮುಖ ಮಾಡಿ, ಮಾತಿಗೂ ಹಾಡಿಗೂ ನಡುವಿನ ಒಂದು ದನಿಯಲ್ಲಿ ಹೇಳಿದರು:

'ಬರಿದಾದ ಬಯಲಿಗೂ ಮಂಗಳ.'

ಕೋಳಿ ತಲೆಯೆತ್ತಿ ನೋಡಿ ಮತ್ತೆ ಕೆದಕತೊಡಗಿತು. ಜವರೇಗೌಡ ತೋಳಿನಿಂದ ಮುಖ ಒರೆಸಿಕೊಂಡ. ಆಕೆ, "ಅಷ್ಟೇ ಕಣಪ್ಪ, ಅಷ್ಟೇ ಅದು" ಎಂದು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮನೆಗೆ ಬಂದು ಊಟ ಮಾಡಿ, ಗುಳಿಗೆ ಮರೆತು, ಗೋಡೆಗೆ ಬೆನ್ನು ಕೊಟ್ಟು ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಸೋಮವಾರ. ಮೊದಲ ಪೀರಿಯಡ್ಡು ತಪ್ಪಿಹೋಗಿತ್ತು.